ಪಾಪ, ಅಪರಾಧ, ಸಂಸ್ಕಾರ: ಸಲಿಂಗಾನುರಾಗದ ಬಗೆಗಿನ ಕ್ರೈಸ್ತ ವಿಚಾರವೂ ಕನ್ನಡದ ಮಾತೂ

೧

ಕೆಲವು ತಿಂಗಳ ಹಿಂದೆ, ಈ ಲೇಖಕನು ಕೆಲಸಮಾಡುವ ಬ್ಯಾಂಕಿನ ಶಾಖೆಗೆ ಇಬ್ಬರು ಗೃಹಸ್ಥರು ಜಂಟಿ ಖಾತೆಯೊಂದನ್ನು ತೆರೆಯಲು ಬಂದರು. ಇಬ್ಬರೂ ನಡುವಯಸ್ಸಿನವರು, ಘಾಟ್ಕೋಪರಿನಲ್ಲಿ ಒಂದೇ ಮನೆಯಲ್ಲಿ ಬಹುಕಾಲದಿಂದ ಒಕ್ಕಲಾಗಿರುವವರು. ಅವರಲ್ಲೊಬ್ಬರು ಕರಾವಳಿಯ ಕ್ರೈಸ್ತ ಮನೆತನದವರು, ಕನ್ನಡ ಓದಿದವರು. ಅರ್ಜಿಯಲ್ಲಿ ನಾಮಿನಿಯ ಹೆಸರನ್ನು ಬರೆದಾದ ಮೇಲೆ 'ಸಂಬಂಧ' ಎಂಬ ಅಂಕಣದೆದುರು ಅವರ ಲೇಖನಿ ನಿಂತಿತು. ಸ್ವಲ್ಪ ಹೊತ್ತಿನ ಅನಂತರ 'ಸ್ನೇಹಿತ' ಎಂದು ಬರೆದರು. ಹೊರಡುವಾಗ ನನ್ನ ಮೇಜಿನ ಬಳಿ ಬಂದು ಮೆಲ್ಲನೆ ಕೇಳಿದರು: "ಸಾರ್, ನೀವು ಕನ್ನಡದಲ್ಲಿ ಬರೆಯುವವರಲ್ಲವಾ? ನಮ್ಮಂಥವರಿಗೆ ನಮ್ಮ ಭಾಷೆಯಲ್ಲಿ ಮರ್ಯಾದೆಯ ಶಬ್ದ ಒಂದಾದರೂ ಉಂಟಾ? ಬೀದಿಯಲ್ಲಿ ಕೇಳಿದ್ದೂ ಬೈಗುಳ, ಚರ್ಚಿನಲ್ಲಿ ಕೇಳಿದ್ದೂ ಬೈಗುಳ."

ಬ್ಯಾಂಕಿನವನಾಗಿ ನನ್ನಲ್ಲಿ ಉತ್ತರವಿತ್ತು. ೨೦೨೪ರ ಆಗಸ್ಟ್ ೨೮ರಂದು ಕೇಂದ್ರ ಹಣಕಾಸು ಮಂತ್ರಾಲಯವು, ಅದೇ ತಿಂಗಳ ೨೧ರಂದು ರಿಸರ್ವ್ ಬ್ಯಾಂಕು ನೀಡಿದ್ದ ಸ್ಪಷ್ಟೀಕರಣವನ್ನು ಆಧರಿಸಿ, ಇಂಥ ಜೋಡಿಗಳು ಜಂಟಿ ಖಾತೆ ತೆರೆಯುವುದಕ್ಕೂ ಒಬ್ಬರನ್ನೊಬ್ಬರು ನಾಮಿನಿಯಾಗಿ ಹೆಸರಿಸುವುದಕ್ಕೂ ಯಾವ ನಿರ್ಬಂಧವೂ ಇಲ್ಲವೆಂದು ಸಾರಿದೆ. ಆದರೆ ಕನ್ನಡದ ವಿದ್ಯಾರ್ಥಿಯಾಗಿ ನನ್ನಲ್ಲಿ ಒಡನೆ ಉತ್ತರವಿರಲಿಲ್ಲ. ಪ್ರಕೃತ ಲೇಖನವು ಆ ಉತ್ತರವನ್ನು ಹುಡುಕುವ ಒಂದು ಪ್ರಯತ್ನ.

ನಾನು ಕ್ರೈಸ್ತ ಮತದವನಲ್ಲ. ಆದುದರಿಂದ ಕ್ರೈಸ್ತರು ಏನನ್ನು ನಂಬಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆ ಉದ್ದೇಶವೂ ಇಲ್ಲ. ನನ್ನ ವಿಮರ್ಶೆಯ ವಿಷಯ ಮಾತು. ಸಲಿಂಗಾನುರಾಗದ ಬಗೆಗೆ ಕ್ರೈಸ್ತ ಲೋಕದಲ್ಲಿ ಇಂದು ನಡೆದಿರುವ ವಿಚಾರವು ಬಹು ಸೂಕ್ಷ್ಮವಾದುದು. ಅದರಲ್ಲಿ ಪಾಪವೆಂಬುದು ಬೇರೆ, ಅಪರಾಧವೆಂಬುದು ಬೇರೆ, ವಿವಾಹ ಸಂಸ್ಕಾರವೆಂಬುದು ಬೇರೆ. ಆದರೆ ಈ ವಿಚಾರವು ಕನ್ನಡಕ್ಕೆ ಇಳಿಯುವಾಗ, ನಾವು ಬಳಸುವ ಪದಗಳ ದೋಷದಿಂದಲೇ ಮೂರೂ ಒಂದಾಗಿಬಿಡುತ್ತವೆ. ಅದರ ಫಲವಾಗಿ ಕನ್ನಡದ ಧರ್ಮಭಾಷೆಯು ರೋಮಿಗಿಂತಲೂ ಕಠೋರವಾಗುತ್ತದೆ. ಇದು ನಾನು ಇಲ್ಲಿ ಸಾಧಿಸಬೇಕೆಂದಿರುವ ಮಾತು.

೨

ಮೊದಲು ಶಾಸ್ತ್ರವಾಕ್ಯಗಳ ಅನುವಾದವನ್ನು ನೋಡೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದನೆಂಬುದು ವಾಚಕರಿಗೆ ತಿಳಿದ ವಿಷಯ. ಮುಂದೆ ಅನೇಕರ ಪರಿಷ್ಕರಣದಿಂದ ರೂಪುಗೊಂಡ ಹಳೆಯ 'ಸತ್ಯವೇದ'ವು ಇಂದಿಗೂ ಕನ್ನಡ ಪ್ರೊಟೆಸ್ಟಂಟ್ ಮನೆಗಳಲ್ಲಿ ಓದಲ್ಪಡುತ್ತಿದೆ.

ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯದಲ್ಲಿ, ದೇವರ ರಾಜ್ಯಕ್ಕೆ ಬಾಧ್ಯರಲ್ಲದವರ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಗ್ರೀಕ್ ಪದಗಳ ಮೇಲೆಯೇ ಈ ವಿವಾದದ ಬಹುಭಾಗ ನಿಂತಿದೆ. ಒಂದು 'ಮಲಕೋಯ್'; ಅಕ್ಷರಶಃ 'ಮೆತ್ತನೆಯವರು'. ಇನ್ನೊಂದು 'ಆರ್ಸೆನೊಕೊಯ್ತಾಯ್', 'ಗಂಡು' ಮತ್ತು 'ಹಾಸಿಗೆ' ಎಂಬರ್ಥದ ಎರಡು ಪದಗಳು ಕೂಡಿದ ಸಮಾಸ. ಈ ಎರಡನೆಯ ಪದವು ಪೌಲನಿಗಿಂತ ಹಿಂದಿನ ಗ್ರೀಕ್ ಗ್ರಂಥಗಳಲ್ಲಿ ಕಾಣಸಿಗುವುದಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಯಾಜಕಕಾಂಡದ ಗ್ರೀಕ್ ಅನುವಾದದಲ್ಲಿರುವ ನಿಷೇಧದ ಮಾತುಗಳಿಂದ ಇದು ಹುಟ್ಟಿತೆಂಬುದು ಅನೇಕರ ಮತ.

ಈ ಎರಡಕ್ಕೆ ಹಳೆಯ ಸತ್ಯವೇದವು ಕೊಡುವ ಪದಗಳು 'ವಿಟರು' ಮತ್ತು 'ಪುರುಷಗಾಮಿಗಳು'. ೧೬೧೧ರ ಇಂಗ್ಲಿಷ್ ಬೈಬಲು ಮೊದಲನೆಯ ಪದವನ್ನು ಹೆಣ್ಣುಸ್ವಭಾವದ ಗಂಡಸರೆಂದು ತಿಳಿದಿತ್ತು. ಕನ್ನಡದ ವಿಟನಾದರೋ ಬೇರೆಯೇ ವ್ಯಕ್ತಿ. ಅವನು ಸಂಸ್ಕೃತದ ಭಾಣಗಳಿಂದ ಬಂದವನು, ಪಂಪನಿಂದ ತೊಡಗಿ ನಮ್ಮ ಕವಿಗಳು ವರ್ಣಿಸಿದ ಸೂಳೆಗೇರಿಯಲ್ಲಿ ತಿರುಗಾಡಿದವನು, ವೇಶ್ಯೆಯರ ಒಡನಾಡಿ. ಅವನ ಮೇಲೆ ಏನೇ ದೋಷವನ್ನು ಹೊರಿಸಬಹುದಾದರೂ ಗಂಡಸರ ಮೇಲೆ ಅನುರಾಗವಿದ್ದವನೆಂಬ ದೋಷವನ್ನು ಹೊರಿಸಲು ಬಾರದು. ಹೀಗೆ ಯಾವ ಪದವನ್ನು ಇಂಗ್ಲಿಷ್ ಓದುಗನು ಸಲಿಂಗಾನುರಾಗಕ್ಕೆ ಸಂಬಂಧಿಸಿದುದೆಂದು ಓದುತ್ತಾನೋ ಅದೇ ಪದವನ್ನು ಕನ್ನಡ ಓದುಗನು ವೇಶ್ಯಾಗಮನಕ್ಕೆ ಸಂಬಂಧಿಸಿದುದೆಂದು ಓದುತ್ತಾನೆ. ಒಂದೇ ವಾಕ್ಯ, ಎರಡು ಭಾಷೆ, ಎರಡು ಪಾಪ! ಅನುವಾದಕನನ್ನು ಇದಕ್ಕಾಗಿ ಹಳಿಯಬೇಕಾಗಿಲ್ಲ. ಮೂಲದ ಪದವೇ ಅಷ್ಟು ಸಂದಿಗ್ಧವಾದುದು. ಅವನು ತನ್ನ ಓದುಗರಿಗೆ ಪರಿಚಿತನಾದ ದುರ್ವ್ಯಸನಿಯೊಬ್ಬನನ್ನು ಆರಿಸಿಕೊಂಡನು.

'ಪುರುಷಗಾಮಿ' ಎಂಬುದು ಇದಕ್ಕಿಂತ ಮೂಲಕ್ಕೆ ಹತ್ತಿರವಾದುದು. ಪರದಾರಗಮನ, ಅಗಮ್ಯಾಗಮನ ಮೊದಲಾದ ಧರ್ಮಶಾಸ್ತ್ರದ ಪದಗಳ ಅಚ್ಚಿನಲ್ಲಿಯೇ ಅದನ್ನು ಎರೆದಿದ್ದಾರೆ. ಗಮನವೆಂದರೆ ಕ್ರಿಯೆ. ಆ ಪದವು ಒಂದು ಕೃತ್ಯವನ್ನು ಹೆಸರಿಸುತ್ತದೆಯೇ ಹೊರತು ಒಂದು ಬಗೆಯ ಮನುಷ್ಯನನ್ನಲ್ಲ.

ಮನುಷ್ಯನನ್ನು ಹೆಸರಿಸುವ ಪದ ಯೂರೋಪಿನಲ್ಲಿಯೂ ತಡವಾಗಿ ಹುಟ್ಟಿತು. ೧೮೬೯ರಲ್ಲಿ ಕೆರ್ಟ್‌ಬೆನಿ ಎಂಬ ಲೇಖಕನು, ಪ್ರಷ್ಯದ ದಂಡನೆಯ ಕಾನೂನನ್ನು ವಿರೋಧಿಸಿ ಬರೆದ ಜರ್ಮನ್ ಕಿರುಹೊತ್ತಗೆಯಲ್ಲಿ, ಈಗ ಪ್ರಪಂಚವೆಲ್ಲ ಬಳಸುವ 'ಹೋಮೊಸೆಕ್ಷುವಲ್' ಎಂಬ ಪದವನ್ನು ಅಚ್ಚಿಗೆ ತಂದನು. ಅನಂತರ ವೈದ್ಯರು ಅದನ್ನು ಎತ್ತಿಕೊಂಡರು. ೧೯೪೬ರಲ್ಲಿ ಅಮೆರಿಕದ ಪರಿಷ್ಕೃತ ಹೊಸ ಒಡಂಬಡಿಕೆಯು ಪೌಲನ ಎರಡು ಪದಗಳನ್ನೂ ಕೂಡಿಸಿ ಈ ಒಂದು ಪದದಿಂದ ಅನುವಾದಿಸಿತು. ೧೯೭೧ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಕೃತ್ಯವನ್ನು ಹೇಳುವ ಪದದ ಜಾಗದಲ್ಲಿ ಸ್ವಭಾವವನ್ನು ಹೇಳುವ ಪದ ಬಂದರೆ, ಏನನ್ನೂ ಮಾಡದೆ ಇದ್ದವನೂ ಶಾಪಕ್ಕೆ ಗುರಿಯಾಗುತ್ತಾನೆಂಬುದನ್ನು ಅವರು ಕಂಡುಕೊಂಡಿರಬೇಕು.

ನಾವು ಕನ್ನಡದಲ್ಲಿ ಆ ಪದಕ್ಕೆ 'ಸಲಿಂಗಕಾಮಿ' ಎಂಬ ರೂಪವನ್ನು ಕೊಟ್ಟುಕೊಂಡೆವು. ಪತ್ರಿಕೆ, ನ್ಯಾಯಾಲಯ, ಧರ್ಮಪ್ರಸಂಗ ಎಲ್ಲ ಕಡೆಯೂ ಇದೇ ಚಲಾವಣೆಯಲ್ಲಿರುವ ನಾಣ್ಯ. ಆದರೆ 'ಕಾಮ'ವೆಂಬುದು ನಮ್ಮಲ್ಲಿ ಎರಡು ಮುಖದ ಪದ. ಪುರುಷಾರ್ಥಗಳ ಎಣಿಕೆಯಲ್ಲಿ ಅದು ಮೂರನೆಯದು, ಗೌರವದ್ದು. ಅರಿಷಡ್ವರ್ಗದ ಎಣಿಕೆಯಲ್ಲಿ ಅದು ಮೊದಲನೆಯದು, ಗೆಲ್ಲಬೇಕಾದ ಹಗೆ. ವೇದಿಕೆಯ ಮೇಲೆ ನಿಂತು ಧರ್ಮವನ್ನು ಬೋಧಿಸುವವನ ಬಾಯಲ್ಲಿ, ಅವನು ಯಾವ ಮತದವನೇ ಆಗಲಿ, ಈ ಎರಡನೆಯ ಕಾಮವೇ ಧ್ವನಿಸುತ್ತದೆ. ಗಂಡುಹೆಣ್ಣುಗಳ ಸಂಬಂಧವನ್ನು ನಾವು ಪ್ರೇಮ, ಒಲವು, ದಾಂಪತ್ಯ ಎನ್ನುತ್ತೇವೆ. ಯಾವ ಸುಗೃಹಸ್ಥನನ್ನೂ 'ವಿಲಿಂಗಕಾಮಿ' ಎಂದು ಪರಿಚಯಿಸುವುದಿಲ್ಲ. ಈ ಒಂದು ಬಗೆಯ ಜನರಿಗೆ ಮಾತ್ರ ಅವರ ಹೆಸರಿನಲ್ಲಿಯೇ ಆರೋಪಪಟ್ಟಿಯನ್ನು ಅಂಟಿಸಿದ್ದೇವೆ.

ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ರೋಮನ್ ಕಥೋಲಿಕ ಸಭೆಯು ೧೯೯೨ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥವು ಸಲಿಂಗ ಸಂಭೋಗವನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ; ಆ ಒಲವನ್ನೂ ಕ್ರಮತಪ್ಪಿದುದೆಂದೇ ಎಣಿಸುತ್ತದೆ. ಆದರೆ ಒಲವುಳ್ಳ ಮಾತ್ರಕ್ಕೆ ಒಬ್ಬನು ಪಾಪಿಯೆನ್ನುವುದಿಲ್ಲ. ಅಂಥವರನ್ನು ಗೌರವದಿಂದಲೂ ಕನಿಕರದಿಂದಲೂ ಕಾಣಬೇಕು, ಅನ್ಯಾಯದ ತಾರತಮ್ಯವನ್ನು ಮಾಡಕೂಡದು ಎಂದು ವಿಧಿಸುತ್ತದೆ. ಒಲವು ಬೇರೆ, ಕೃತ್ಯ ಬೇರೆ ಎಂಬ ಈ ಭೇದವೇ ಆ ಬೋಧೆಯ ತಿರುಳು. ಇದನ್ನು 'ಕಾಮಿ' ಎಂಬ ಪದದಿಂದ ಕನ್ನಡದಲ್ಲಿ ಹೇಳಿ ನೋಡಿ. 'ಕಾಮಿಯು ಪಾಪಿಯಲ್ಲ' ಎಂಬ ವಾಕ್ಯವನ್ನು ಯಾವ ಕನ್ನಡಿಗನು ಒಪ್ಪಿಯಾನು? ಪದವೇ ತೀರ್ಪನ್ನು ಕೊಟ್ಟಾಗಿದೆ. ಬೋಧಕನು ಮುಂದೆ ಎಷ್ಟು ಕನಿಕರವನ್ನು ಬೋಧಿಸಿದರೂ ಅದು ಹಿಂದೆಯೇ ಉಳಿಯುತ್ತದೆ.

೩

ಇನ್ನು ಪಾಪ ಮತ್ತು ಅಪರಾಧಗಳ ಮಾತು. ಇವೆರಡೂ ಹೇಗೆ ಬೆರೆತವೆಂಬುದಕ್ಕೆ ಖಚಿತವಾದ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ ಇಂಥ ಕೃತ್ಯಗಳ ವಿಚಾರಣೆ ಮೊದಲು ಧರ್ಮಸಭೆಯ ನ್ಯಾಯಾಲಯಗಳಿಗೆ ಸೇರಿತ್ತು. ೧೫೩೩ರಲ್ಲಿ ಎಂಟನೆಯ ಹೆನ್ರಿಯ ಕಾಲದ ಶಾಸನವು ಅದನ್ನು ರಾಜನ ನ್ಯಾಯಾಲಯಕ್ಕೆ ತಂದು ಮರಣದಂಡನೆಯನ್ನು ವಿಧಿಸಿತು. ಪಶ್ಚಾತ್ತಾಪದಿಂದ ಕಳೆಯಬಹುದಾಗಿದ್ದ ಪಾಪವು ನೇಣಿನಿಂದ ಮಾತ್ರ ಕಳೆಯುವ ಅಪರಾಧವಾಯಿತು. ೧೮೩೭ರ ಮೆಕಾಲೆಯ ಕರಡಿನಿಂದ ತೊಡಗಿ ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ಕಲಮಿನವರೆಗೆ ಇದರ ಸಂತಾನವು ನಮ್ಮ ದೇಶಕ್ಕೆ ಬಂದಿತು. 'ಪ್ರಕೃತಿಯ ನಿಯಮಕ್ಕೆ ವಿರುದ್ಧ' ಎಂಬ ಅದರ ಪರಿಭಾಷೆಯ ಹಿಂದೆ ಮಧ್ಯಯುಗದ ಕ್ರೈಸ್ತ ನೀತಿಶಾಸ್ತ್ರವಿತ್ತು.

ಆದರೆ ಈ ಗಂಟನ್ನು ಬಿಡಿಸುವುದರಲ್ಲಿಯೂ ಕ್ರೈಸ್ತರು ಮುಂದಾಗಿದ್ದರೆಂಬುದನ್ನು ಮರೆಯಲಾಗದು. ಇಂಗ್ಲೆಂಡಿನ ಧರ್ಮಪಂಡಿತ ಡೆರಿಕ್ ಶರ್ವಿನ್ ಬೈಲಿಯು ೧೯೫೫ರಲ್ಲಿ ಪಶ್ಚಿಮದ ಕ್ರೈಸ್ತ ಪರಂಪರೆಯನ್ನು ಈ ದೃಷ್ಟಿಯಿಂದ ಪರೀಕ್ಷಿಸಿ ಒಂದು ಗ್ರಂಥವನ್ನು ಬರೆದನು. ಸೊದೋಮ್ ಪಟ್ಟಣದ ನಾಶದ ಕಥೆಯನ್ನು ಸಲಿಂಗಾನುರಾಗದ ದಂಡನೆಯೆಂದು ಓದುವುದು ಎಷ್ಟು ಸರಿಯೆಂದು ಅವನು ಪ್ರಶ್ನಿಸಿದನು. ಯೆಹೆಜ್ಕೇಲನ ಪ್ರವಾದನ ಗ್ರಂಥದ ಹದಿನಾರನೆಯ ಅಧ್ಯಾಯವು ಸೊದೋಮಿನ ದೋಷಗಳನ್ನು ಎಣಿಸುವಾಗ ಗರ್ವವನ್ನೂ, ಹೊಟ್ಟೆತುಂಬಿದ ನಿಶ್ಚಿಂತೆಯನ್ನೂ, ದೀನದರಿದ್ರರಿಗೆ ಕೈನೀಡದೆ ಹೋದುದನ್ನೂ ಹೇಳುತ್ತದೆಂಬುದನ್ನು ಇಲ್ಲಿ ನೆನೆಯಬಹುದು. ೧೯೫೭ರ ವುಲ್ಫೆಂಡನ್ ವರದಿಯು ದಂಡನೆಯನ್ನು ತೆಗೆಯಬೇಕೆಂದು ಸೂಚಿಸಿತು. ೧೯೬೫ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆಯವರು ಪ್ರಭುಸಭೆಯಲ್ಲಿ ಆ ಸುಧಾರಣೆಯನ್ನು ಬೆಂಬಲಿಸಿದರು; ಕೃತ್ಯವು ಪಾಪವೆಂಬ ಮತವನ್ನು ಅವರು ಬಿಟ್ಟಿರಲಿಲ್ಲ. ೧೯೬೭ರಲ್ಲಿ ಇಂಗ್ಲೆಂಡಿನ ಕಾನೂನು ಸಡಿಲಗೊಂಡಿತು.

ನಮ್ಮ ದೇಶದಲ್ಲಿ ೨೦೦೯ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ೩೭೭ನೆಯ ಕಲಮನ್ನು ಮೊಟಕುಗೊಳಿಸಿತು. ೨೦೧೩ರ ಡಿಸೆಂಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಪುನಃ ಸ್ಥಾಪಿಸಿತು. ೨೦೧೮ರ ಸೆಪ್ಟೆಂಬರ್ ೬ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪರಿಧಿಯಿಂದ ತೆಗೆಯಿತು. ಈ ವ್ಯಾಜ್ಯದಲ್ಲಿ ಕಲಮನ್ನು ಉಳಿಸಬೇಕೆಂದು ವಾದಿಸಿದವರಲ್ಲಿ ಕೆಲವು ಕ್ರೈಸ್ತ ಸಂಘಗಳೂ ಇದ್ದವು; ಅನ್ಯಮತೀಯರೂ ಇದ್ದರು. ಪರಸ್ಪರ ಬೇರಾವ ವಿಷಯದಲ್ಲಿಯೂ ಒಪ್ಪದವರು ಇದೊಂದರಲ್ಲಿ ಒಂದಾದುದು ವಿಚಾರಾರ್ಹ.

ಇನ್ನೊಂದು ಧ್ವನಿ ನಮ್ಮ ಮುಂಬಯಿಯಿಂದಲೇ ಎದ್ದಿತು. ೨೦೧೩ರ ತೀರ್ಪು ಬಂದಾಗ ಮುಂಬಯಿಯ ಆಗಿನ ಆರ್ಚ್‌ಬಿಷಪ್ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಅವರು, ಕಥೋಲಿಕ ಸಭೆಯು ಸಲಿಂಗ ವಿವಾಹಕ್ಕೆ ವಿರೋಧಿಯಾದರೂ ಇಂಥ ಜನರನ್ನು ಎಂದೂ ಅಪರಾಧಿಗಳೆಂದು ಎಣಿಸಿಲ್ಲವೆಂದು ಬಹಿರಂಗವಾಗಿ ಹೇಳಿದರು. ೨೦೨೩ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಪಾಪವನ್ನೂ ಅಪರಾಧವನ್ನೂ ಬೇರೆಬೇರೆಯಾಗಿ ಕಾಣಬೇಕೆಂದು ಇದೇ ಜಾಡಿನಲ್ಲಿ ನುಡಿದರು. ಪ್ರೊಟೆಸ್ಟಂಟರಲ್ಲಿ, ನಾಗಪುರದಲ್ಲಿ ಕೇಂದ್ರವಿರುವ ಭಾರತದ ಚರ್ಚುಗಳ ರಾಷ್ಟ್ರೀಯ ಪರಿಷತ್ತು ಲೈಂಗಿಕ ವೈವಿಧ್ಯದ ಬಗೆಗೆ ಚರ್ಚುಗಳಿಗಾಗಿಯೇ ಒಂದು ಮಾರ್ಗದರ್ಶಿಯನ್ನು ೨೦೧೭ರಲ್ಲಿ ಪ್ರಕಟಿಸಿತು. ಹೀಗಿದ್ದೂ 'ಕ್ರೈಸ್ತರ ಅಭಿಪ್ರಾಯ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಅಜ್ಞಾನ.

೪

ವಿವಾಹದ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಇಲ್ಲಿ ಸಂಪ್ರದಾಯಸ್ಥರನ್ನು ದ್ವೇಷಿಗಳೆಂದು ತಳ್ಳಿಬಿಡುವುದು ವಿಮರ್ಶಕನ ಧರ್ಮವಲ್ಲ. ಅವರ ವಾದಕ್ಕೆ ಗಟ್ಟಿಯಾದ ಬುಡವಿದೆ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನು ಗಂಡುಹೆಣ್ಣಾಗಿ ಸೃಷ್ಟಿಸಿದನೆಂಬುದು, ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಯೇಸುವು ಅದನ್ನೇ ನೆನಪಿಸಿದನೆಂಬುದು, ದಾಂಪತ್ಯವು ಕ್ರಿಸ್ತನಿಗೂ ಸಭೆಗೂ ಇರುವ ಸಂಬಂಧದ ಪ್ರತಿಮೆಯೆಂಬುದು, ಇವು ಅವರ ಆಧಾರಗಳು. ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವಂತೂ ಹೊಸ ವ್ಯಾಖ್ಯಾನಕಾರರಿಗೆ ಅತಿ ಕಠಿನವಾದ ಸ್ಥಳ. ೧೯೮೦ರಲ್ಲಿ ಜಾನ್ ಬಾಸ್ವೆಲ್ ಹಳೆಯ ಓದನ್ನು ಪ್ರಶ್ನಿಸಿದರೆ, ೨೦೦೧ರಲ್ಲಿ ರಾಬರ್ಟ್ ಗ್ಯಾಗ್ನನ್ ಅದನ್ನು ದೀರ್ಘವಾಗಿ ಸಮರ್ಥಿಸಿದನು. ಹೊಸ ಒಡಂಬಡಿಕೆಯ ಪಂಡಿತ ರಿಚರ್ಡ್ ಹೇಸ್ ೧೯೯೬ರಲ್ಲಿ ಸಂಪ್ರದಾಯದ ಪಕ್ಷವನ್ನು ಹಿಡಿದಿದ್ದು, ೨೦೨೪ರಲ್ಲಿ ತನ್ನ ಮಗನೊಡನೆ ಬರೆದ ಗ್ರಂಥದಲ್ಲಿ ಆ ಮತವನ್ನು ಬಿಟ್ಟುಕೊಟ್ಟನು. ಇಬ್ಬಣದವರೂ ಓದಿದುದು ಒಂದೇ ಶಾಸ್ತ್ರವನ್ನು. ಆದುದರಿಂದ ಇದು ಶಾಸ್ತ್ರವನ್ನು ನಂಬುವವರಿಗೂ ನಂಬದವರಿಗೂ ನಡೆಯುವ ಜಗಳವಲ್ಲ. ನಂಬುವವರ ನಡುವಿನ ವ್ಯಾಖ್ಯಾನದ ಭೇದ.

ಸಭೆಗಳೂ ಒಂದೊಂದು ದಾರಿ ಹಿಡಿದಿವೆ. ಸ್ವೀಡನ್ನಿನ ಲೂಥರನ್ ಸಭೆಯು ೨೦೦೯ರಿಂದ ಸಲಿಂಗ ವಿವಾಹವನ್ನು ನಡೆಯಿಸುತ್ತಿದೆ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯು ಈ ಆಚರಣೆಯು ಕ್ರೈಸ್ತ ಬೋಧೆಗೆ ಹೊಂದದೆಂದು ೧೯೭೨ರಲ್ಲಿ ಬರೆದುಕೊಂಡಿದ್ದ ವಾಕ್ಯವನ್ನು ೨೦೨೪ರಲ್ಲಿ ಅಳಿಸಿತು. ಬೀದರ ಮುಂತಾದೆಡೆಗಳ ಕನ್ನಡ ಮೆಥಡಿಸ್ಟರಿಗೆ ಈ ತೀರ್ಮಾನ ಅನ್ವಯಿಸುವುದಿಲ್ಲ. ಭಾರತದ ಮೆಥಡಿಸ್ಟ್ ಸಭೆಯು ೧೯೮೧ರಿಂದ ಸ್ವತಂತ್ರವಾದುದು. ರೋಮು ೨೦೨೩ರ ಡಿಸೆಂಬರ್ ೧೮ರಂದು, ಇಂಥ ಜೋಡಿಗಳು ಬೇಡಿದರೆ ಪಾದ್ರಿಯು ಸರಳವಾದ ಆಶೀರ್ವಾದವನ್ನು ನೀಡಬಹುದೆಂದೂ, ಅದಕ್ಕೆ ವಿವಾಹವಿಧಿಯ ರೂಪ ಮಾತ್ರ ಇರಕೂಡದೆಂದೂ ಸಾರಿತು. ಆಫ್ರಿಕದ ಬಿಷಪರು ಅದನ್ನೂ ಒಪ್ಪಲಿಲ್ಲ.

ಕನ್ನಡದಲ್ಲಿ ಇಲ್ಲಿಯೂ ಒಂದು ಪದ ಅಡ್ಡ ನಿಲ್ಲುತ್ತದೆ. ಕಥೋಲಿಕರ ಏಳು 'ಸ್ಯಾಕ್ರಮೆಂಟು'ಗಳನ್ನು ನಾವು ಸಂಸ್ಕಾರಗಳೆನ್ನುತ್ತೇವೆ. ವಿವಾಹವು ಅವುಗಳಲ್ಲಿ ಒಂದು. ಲೂಥರನಾದರೋ ೧೫೨೦ರಲ್ಲಿಯೇ ವಿವಾಹವು ಸಂಸ್ಕಾರವಲ್ಲವೆಂದು ವಾದಿಸಿದನು. ಅದು ದೇವರು ಮೆಚ್ಚಿದ ಲೌಕಿಕ ವ್ಯವಸ್ಥೆ ಎಂಬುದು ಸುಧಾರಕರ ಮತ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಪರಂಪರೆಯವರು. ಹೀಗಿರುವಾಗ ಪ್ರೊಟೆಸ್ಟಂಟ್ ಕನ್ನಡಿಗನು 'ವಿವಾಹವೆಂಬುದು ಪವಿತ್ರ ಸಂಸ್ಕಾರ' ಎಂದು ವಾದಿಸಿದರೆ, ಅವನು ಅರಿಯದೆ ರೋಮಿನ ಮಾತನ್ನಾಗಲಿ ನೆರೆಮನೆಯ ಷೋಡಶ ಸಂಸ್ಕಾರಗಳ ಮಾತನ್ನಾಗಲಿ ಆಡುತ್ತಿರುತ್ತಾನೆ. ಅವನು ಸಲಿಂಗ ವಿವಾಹವನ್ನು ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಒಪ್ಪದಿರುವುದಕ್ಕೆ ಅವನು ತನ್ನದೇ ಆದ ಕಾರಣವನ್ನು ಕೊಡಬೇಕು, ಅಷ್ಟೆ.

ಸರಕಾರದ ವಿವಾಹವಾದರೋ ಸಂಸ್ಕಾರವಲ್ಲ, ಒಂದು ಹಕ್ಕುಬಾಧ್ಯತೆಯ ಏರ್ಪಾಡು. ೨೦೨೩ರ ಅಕ್ಟೋಬರ್ ೧೭ರಂದು ಸರ್ವೋಚ್ಚ ನ್ಯಾಯಾಲಯವು, ವಿವಾಹವಾಗುವುದು ಮೂಲಭೂತ ಹಕ್ಕಲ್ಲವೆಂದೂ, ೧೯೫೪ರ ವಿಶೇಷ ವಿವಾಹ ಕಾಯಿದೆಯನ್ನು ತಾನು ತಿದ್ದಲಾರೆನೆಂದೂ ಏಕಮತದಿಂದ ತೀರ್ಮಾನಿಸಿತು. ಜೊತೆಬಾಳುವೆಗೆ ಬೇರೊಂದು ಬಗೆಯ ಮಾನ್ಯತೆಯನ್ನು ಕೊಡುವ ವಿಷಯದಲ್ಲಿ ಇಬ್ಬರು ಹೌದೆಂದರು, ಮೂವರು ಅಲ್ಲವೆಂದರು. ಇದರ ಅರ್ಥವೇನೆಂಬುದು ನಮ್ಮ ಬ್ಯಾಂಕಿನ ಮೇಜಿನ ಮೇಲೆ ಚೆನ್ನಾಗಿ ಕಾಣುತ್ತದೆ. ನಾಮಿನಿಯು ಹಣವನ್ನು ಪಡೆಯಬಲ್ಲನು, ಒಡೆಯನಾಗಲಾರನು. ಅವನು ವಾರಸುದಾರರ ಪರವಾಗಿ ಹಣವನ್ನು ಹಿಡಿದುಕೊಂಡವನು ಮಾತ್ರ ಎಂಬುದು ನ್ಯಾಯಾಲಯವು ಸ್ಥಿರಪಡಿಸಿದ ಸಂಗತಿ. ೧೯೨೫ರ ಉತ್ತರಾಧಿಕಾರ ಕಾಯಿದೆಯ ಮೇರೆಗೆ, ಕ್ರೈಸ್ತನೊಬ್ಬನು ಮರಣಪತ್ರವಿಲ್ಲದೆ ತೀರಿಕೊಂಡರೆ ಆಸ್ತಿಯು ಹೆಂಡತಿ ಅಥವಾ ಗಂಡನಿಗೂ ರಕ್ತಸಂಬಂಧಿಗಳಿಗೂ ಹೋಗುತ್ತದೆ. ಅಂಕಣದಲ್ಲಿ 'ಸ್ನೇಹಿತ' ಎಂದು ಬರೆದವರ ಜೊತೆಗಾರನು ಎಷ್ಟು ವರ್ಷ ಸೇವೆ ಮಾಡಿದ್ದರೂ ಆ ಸಾಲಿನಲ್ಲಿ ಇಲ್ಲ. ಚರ್ಚಿನಲ್ಲಿ ಮದುವೆ ಮಾಡಿಸಿರೆಂಬ ಬೇಡಿಕೆಯೂ, ಸಾವಿನ ಅನಂತರ ಮನೆಯಿಂದ ಹೊರಹಾಕಬೇಡಿರೆಂಬ ಬೇಡಿಕೆಯೂ ಒಂದೇ ಅಲ್ಲ. ಮೊದಲನೆಯದನ್ನು ಮನಸ್ಸಾಕ್ಷಿಯಿಂದ ನಿರಾಕರಿಸುವ ಕ್ರೈಸ್ತನು ಎರಡನೆಯದನ್ನು ಒಪ್ಪಬಹುದು. ಕಾರ್ಡಿನಲ್ ಗ್ರೇಶಿಯಸ್ ಅವರು ಪಾಪವನ್ನೂ ಅಪರಾಧವನ್ನೂ ಬೇರ್ಪಡಿಸಿದ ನ್ಯಾಯವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ ಅಲ್ಲಿಗೇ ತಲಪುತ್ತೇವೆ.

೫

ಧರ್ಮಭಾಷೆಯು ಮಾಡಲಾರದ ಕೆಲಸವನ್ನು ಸಾಹಿತ್ಯವು ಮಾಡಬಲ್ಲುದು. ವಸುಧೇಂದ್ರರ 'ಮೋಹನಸ್ವಾಮಿ' ೨೦೧೩ರಲ್ಲಿ ಪ್ರಕಟವಾಯಿತು. ಅದರ ನಾಯಕನು ಕ್ರೈಸ್ತನಲ್ಲ. ಆದರೂ ಆ ಕಥೆಗಳ ಸಾಧನೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ತನ್ನ ಸಂಗಾತಿಯು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟವು ಕಾಮದ ಸಂಕಟವಲ್ಲ; ಕೂಡಿ ಬಾಳಿದವನನ್ನು ಕಳೆದುಕೊಂಡವನ ಸಂಕಟ. ಓದುಗನು ಅದಕ್ಕೆ ಹೆಸರಿಡುವ ಮೊದಲೇ ಅದನ್ನು ಗುರುತಿಸುತ್ತಾನೆ. ಲೇಖಕರು ಸಂಡೂರಿನವರು; ಯಾವ ಬಳ್ಳಾರಿಯ ಸೀಮೆಯಲ್ಲಿ ಕನ್ನಡದ ಬೈಬಲು ಮೊದಲು ರೂಪುಗೊಂಡಿತೋ ಆ ಸೀಮೆಯವರು. ಇಬ್ಬರಿಗೂ ಒದಗಿದುದು ಅದೇ ಕನ್ನಡ. ಒಂದು ಪಟ್ಟಿಯಲ್ಲಿ ಕೃತ್ಯದ ಹೆಸರಾಗಿ ಕಾಣಿಸಿಕೊಂಡವನು ಎರಡು ಶತಮಾನಗಳ ಅನಂತರ ಮುಖವುಳ್ಳ ಮನುಷ್ಯನಾಗಿ ಬಂದನು.

ಪದವನ್ನು ಬದಲಿಸಿದರೆ ಸಿದ್ಧಾಂತವನ್ನೇ ಹಿಂಬಾಗಿಲಿನಿಂದ 
ಬದಲಿಸಿದಂತಾಗುವುದಿಲ್ಲವೇ ಎಂದು ಸಂಪ್ರದಾಯಸ್ಥರು ಕೇಳಬಹುದು. ಆಗುವುದಿಲ್ಲವೆಂದು ನನ್ನ ಉತ್ತರ. 'ಸಲಿಂಗಾನುರಾಗಿ' ಎಂಬ ಪದವು ಒಲವನ್ನು ಹೇಳುತ್ತದೆ, ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ನಿಷೇಧಿಸುವವನು ಮುಂದೆ ನಿಷೇಧಿಸಲಿ, ಒಪ್ಪುವವನು ಒಪ್ಪಲಿ. ತೀರ್ಪು ಇರಬೇಕಾದುದು ಕ್ರಿಯಾಪದದಲ್ಲಿ, ಕರ್ತೃಪದದಲ್ಲಲ್ಲ. ಕರ್ತೃಪದದಲ್ಲಿಯೇ ತೀರ್ಪನ್ನು ತುಂಬಿದ ಭಾಷೆಯಲ್ಲಿ ವಿಚಾರವೆಂಬುದು ಸಾಧ್ಯವಿಲ್ಲ; ಬೈಗುಳವೊಂದೇ ಸಾಧ್ಯ. ಈ ಮಾತು ಕ್ರೈಸ್ತರಿಗೆ ಎಷ್ಟು ಅನ್ವಯಿಸುತ್ತದೋ ಉಳಿದ ಕನ್ನಡಿಗರಿಗೂ ಅಷ್ಟೇ ಅನ್ವಯಿಸುತ್ತದೆ. ಊರನ್ನು ಬಿಟ್ಟು ಬಂದ ನಾವು ಈ ಮಹಾನಗರದಲ್ಲಿ, ಪರಭಾಷೆಯವರು ನಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾರೆಂಬುದಕ್ಕೆ ಎಷ್ಟು ನೊಂದಿಲ್ಲ? ಹೆಸರಿನ ಪೆಟ್ಟು ಎಂಥದೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆ ಮಹನೀಯರು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಶಬ್ದ ಉಂಟು, ಹಳೆಯದೇ, ಮನೆಮನೆಯಲ್ಲಿ ಬಳಸುವುದೇ. 'ಸಂಗಾತಿ'. ಅದಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲ. ಸಂಸ್ಕಾರವೆಂಬ ಹಕ್ಕನ್ನು ಅದು ಸಾಧಿಸುವುದಿಲ್ಲ, ಆದುದರಿಂದ ಯಾವ ಚರ್ಚಿನ ವೇದಿಕೆಯನ್ನೂ ಅದು ಮುಟ್ಟುವುದಿಲ್ಲ. ಅಪರಾಧದ ವಾಸನೆ ಅದಕ್ಕಿಲ್ಲ, ಪಾಪದ ತೀರ್ಪೂ ಇಲ್ಲ. ಇಬ್ಬರು ಕೂಡಿ ನಡೆದರೆಂಬ ನಿಜವೊಂದನ್ನು ಮಾತ್ರ ಅದು ಹೇಳುತ್ತದೆ. ಮುಂದಿನ ಸಲ ಅವರು ಬಂದಾಗ ಆ ಅಂಕಣವನ್ನು ತಿದ್ದಿಕೊಳ್ಳಬಹುದೆಂದು ಹೇಳಬೇಕೆಂದಿದ್ದೇನೆ.